ಬೆಳೆಯುವ ಬುಷ್

ಜೂನ್ ೩

ಮಾವನವರಿಗೆ,

ನಮ್ಮ ಮದುವೆ ಆಯಿತು! ಮೊದಲು ನಮಸ್ಕಾರ, ಆಮೇಲೆ ಕ್ಷೇಮಸಮಾಚಾರ, ಅದಾದ ಮೇಲೆ ಮೆಲ್ಲಗೆ ವಿಷಯಕ್ಕೆ ಬರಬೇಕು ಎಂದುಕೊಂಡೇ ಕೂತಿದ್ದೆ, ಕೈ ಕೇಳಲಿಲ್ಲ. ಕಳೆದ ಶುಕ್ರವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ, ನೋಂದಣಿ ಕಚೇರಿಯ ಎರಡನೇ ಮಹಡಿಯಲ್ಲಿ. ನಾನು ನಿಮ್ಮ ಸೊಸೆ. ಈ ನಾಲ್ಕು ಪದ ಬರೆದು ಮೂರು ಸಲ ಓದಿಕೊಂಡೆ. ಅಷ್ಟೂ ಪದ ಇಲ್ಲ ಎಂದು ಈಗ ಎಣಿಸಿದಾಗ ತಿಳಿಯಿತು. ನನ್ನ ಕನ್ನಡ ಇಂಗ್ಲಿಷ್ ಶಾಲೆಯದು ಮಾವ, ಲೆಕ್ಕವೂ ಅಲ್ಲಿಯದೇ. ತಪ್ಪು ಕಂಡರೆ ಕೆಂಪು ಗೀಟು ಎಳೆದು ವಾಪಸು ಕಳಿಸಿ.

ಅಧಿಕಾರಿಯ ಮೇಜಿನ ಒಂದು ಕಾಲು ಗಿಡ್ಡ. ನಾನು ಸಹಿ ಹಾಕಲು ಬಾಗಿದರೆ ಮೇಜು ನನ್ನ ಕಡೆ ವಾಲುತ್ತಿತ್ತು. ನಿಮ್ಮ ಮಗ ಪೆನ್ನು ಕೆಳಗಿಟ್ಟು, ಕಾಗದ ಮಡಚಿ, ಮಂಡಿಯೂರಿ ಆ ಕಾಲಿನಡಿ ಸಿಕ್ಕಿಸಿ, ಮೇಜನ್ನು ಎರಡು ಸಲ ಅಲ್ಲಾಡಿಸಿ ನೋಡಿ, ಆಮೇಲೆ ಸಹಿ ಹಾಕಿದರು. ಅಧಿಕಾರಿ ಕನ್ನಡಕ ಕೆಳಗಿಳಿಸಿ, “ಏನ್ರೀ, ಮದುವೆಗೆ ಬಂದ್ರೋ, ರಿಪೇರಿಗೆ ಬಂದ್ರೋ?” ಎಂದರು. ನಾನು ನಕ್ಕಿದ್ದಕ್ಕೆ ನನ್ನ ಸಹಿ ಸೊಟ್ಟಗಾಗಿದೆ. ಜೀವನಪೂರ್ತಿ ಸೊಟ್ಟ!

ನಿಮ್ಮನ್ನು ಕರೆಯಲಿಲ್ಲ. ಅದು ತಪ್ಪು, ಒಪ್ಪುತ್ತೇನೆ. ನಾನು ಎರಡು ಸಲ ಬಾಯಿಬಿಟ್ಟು ಹೇಳಿದೆ. ಎರಡು ಸಲವೂ ಇವರು ಎದ್ದು ಹೋಗಿ ನಲ್ಲಿಯ ವಾಷರ್ ಬದಲಿಸಿದರು. ಈಗ ನಮ್ಮ ಮನೆಯಲ್ಲಿ ಒಂದು ನಲ್ಲಿಯೂ ಸೋರುವುದಿಲ್ಲ, ಆದರೆ ನಿಮ್ಮ ವಿಷಯ ಇದ್ದಲ್ಲೇ ಇದೆ. ಎರಡು ವರ್ಷದಿಂದ ನೀವಿಬ್ಬರೂ ಮಾತಾಡಿಲ್ಲ ಎಂದು ಗೊತ್ತು. ಕಾರಣ ಕೇಳಿದರೆ ಒಂದೇ ಸಾಲು: “ಅಪ್ಪ ನನ್ನ ಸುಳ್ಳ ಅಂದ್ರು. ಎಲ್ಲರ ಮುಂದೆ.”

ನನಗೆ ಮಾತ್ರ ಮಾವ ಬೇಕು. ಅತ್ತೆ ಇಲ್ಲವೆಂದು ಗೊತ್ತು, ಅವರ ಫೋಟೋ ಇವರ ಪರ್ಸಿನಲ್ಲಿದೆ. ಇರುವ ಒಬ್ಬ ಮಾವನನ್ನೂ ಹೀಗೆ ಬಿಟ್ಟುಕೊಡಲು ನನಗೆ ಇಷ್ಟವಿಲ್ಲ. ಫೋನ್ ಮಾಡಬಹುದಿತ್ತು. ಫೋನಾದರೆ ಎತ್ತದೆಯೇ ಇರಬಹುದು, ಪತ್ರವನ್ನು ಹರಿದು ಹಾಕಬೇಕಾದರೂ ಕೈಗೆತ್ತಿಕೊಳ್ಳಬೇಕಲ್ಲ.

ಒಂದು ಪ್ರಶ್ನೆ ಇದೆ. ಇವರು ಈಗ ಲಿಫ್ಟ್ ರಿಪೇರಿ ಮಾಡುತ್ತಾರೆ, ನಿಮಗೆ ಗೊತ್ತಿರಬಹುದು. ದೊಡ್ಡ ಯಂತ್ರಗಳ ಸುದ್ದಿಯೇ ಬೇಡ ಎನ್ನುತ್ತಾರೆ. ಆದರೆ ರಸ್ತೆ ಬದಿಯಲ್ಲಿ ಮಣ್ಣು ಅಗೆಯುವ ಯಂತ್ರ ಕಂಡರೆ ಸಾಕು, ಚಪ್ಪಲಿಯ ಪಟ್ಟಿ ಸರಿ ಮಾಡಿಕೊಳ್ಳುವವರ ಹಾಗೆ ಬಗ್ಗಿ ಅದರ ಹೊಟ್ಟೆಯಡಿ ನೋಡುತ್ತಾರೆ. ಇವರ ಚಪ್ಪಲಿಗೆ ಪಟ್ಟಿಯೇ ಇಲ್ಲ! ಏನು ನೋಡ್ತೀಯ ಎಂದರೆ “ಏನಿಲ್ಲ” ಎನ್ನುತ್ತಾರೆ. ಮಾವ, ಅಲ್ಲಿ ಏನಿರುತ್ತದೆ?

ನಿಮ್ಮ ಹೊಸ ಸೊಸೆ


ಜೂನ್ ೧೯

ಸೊಸೆಯೆಂದು ಬರೆದವರಿಗೆ,

ಪತ್ರ ತಲುಪಿತು. ಮದುವೆಯ ವಿಷಯ ತಿಳಿಯಿತು. ಚೆನ್ನಾಗಿರಿ.

ಮೇಜಿನ ಕಾಲಿಗೆ ಕಾಗದ ಒಂದು ವಾರ ತಡೆಯುತ್ತದೆ. ತಗಡಿನ ಚೂರು ಹಾಕಬೇಕಿತ್ತು.

ಅವನು ಬಗ್ಗಿ ಏನು ನೋಡುತ್ತಾನೆ ಎಂದು ಕೇಳಿದ್ದೀರಿ. ಬುಲ್ಡೋಜರಿಗೆ, ಮಣ್ಣು ಅಗೆಯುವ ದೊಡ್ಡ ಯಂತ್ರಕ್ಕೆ ಟೈರು ಇರುವುದಿಲ್ಲ. ಎರಡು ಬದಿಗೂ ಉಕ್ಕಿನ ಚೈನ್ ಇರುತ್ತದೆ. ಯಂತ್ರ ತನ್ನ ದಾರಿಯನ್ನು ತಾನೇ ಮುಂದೆ ಹಾಸಿಕೊಂಡು, ಅದರ ಮೇಲೆ ನಡೆದು, ಹಿಂದಿನಿಂದ ಎತ್ತಿಕೊಂಡು ಮತ್ತೆ ಮುಂದೆ ಹಾಸುತ್ತದೆ. ಮಣ್ಣು, ಕಲ್ಲು, ಕೆಸರು, ಇಡೀ ಯಂತ್ರದ ಭಾರ, ಎಲ್ಲವೂ ಅದರ ಮೇಲೆ. ಆದ್ದರಿಂದ ಮೊದಲು ಸವೆಯುವುದೂ ಅದೇ.

ಸವೆದದ್ದನ್ನೆಲ್ಲ ಎಸೆಯುವುದಿಲ್ಲ. ಎಷ್ಟು ಸವೆದಿದೆ, ಮತ್ತೆ ಹಾಕಬಹುದೇ, ಎಷ್ಟು ಕಾಲ ಬರುತ್ತದೆ ಎಂದು ಹೇಳುವುದು ನನ್ನ ಕೆಲಸ. ಮೂವತ್ತೊಂದು ವರ್ಷದಿಂದ ಈ ರಿಪೇರಿ ಯಾರ್ಡಿನಲ್ಲಿ ಇದನ್ನೇ ಮಾಡುತ್ತಿದ್ದೇನೆ. ಕಳಚಿ, ಮಣ್ಣು ಕೆರೆದು, ತೊಳೆದು ಒಂದೊಂದನ್ನೂ ನೋಡುತ್ತೇವೆ. ಬಿರುಕಿದ್ದರೆ ಅಳೆಯುವ ಮಾತಿಲ್ಲ, ಗುಜರಿಗೆ. ಬಿರುಕಿಲ್ಲದಿದ್ದರೆ ವರ್ನಿಯರ್, ಅಂದರೆ ದಪ್ಪ ನೋಡುವ ಅಳತೆಪಟ್ಟಿ, ಹಿಡಿದು ಅಳೆಯುತ್ತೇವೆ.

ಚೈನಿನ ಕೊಂಡಿಗಳನ್ನು ಕೂಡಿಸುವ ಪಿನ್ನಿನ ಮೇಲೆ ದಪ್ಪನೆಯ ಉಕ್ಕಿನ ಕೊಳವೆ ಇರುತ್ತದೆ. ಅದು ಬುಷ್. ಹಲ್ಲಿನ ಚಕ್ರ ಈ ಬುಷ್‌ಗಳನ್ನು ಹಿಡಿದು ಚೈನನ್ನು ಎಳೆಯುತ್ತದೆ. ಹಲ್ಲು ಒತ್ತುವ ಒಂದು ಮಗ್ಗುಲು ಸವೆಯುತ್ತದೆ. ಉಳಿದದ್ದು ಹೊಸದರ ಹಾಗೇ ಇರುತ್ತದೆ. ಮಿತಿ ದಾಟುವ ಮೊದಲು ಗಮನಿಸಿದರೆ ಬುಷ್ ಕಳಚಿ ಅರ್ಧ ಸುತ್ತು ತಿರುಗಿಸಿ ಕೂರಿಸಬಹುದು. ಸವೆಯದ ಮಗ್ಗುಲು ಹಲ್ಲಿಗೆ ಬರುತ್ತದೆ. ಇನ್ನೊಂದು ಆಯುಸ್ಸು ಸಿಕ್ಕಂತೆ.

ಅವನು ಅದನ್ನೇ ನೋಡುತ್ತಿರಬೇಕು. ಚಿಕ್ಕಂದಿನಿಂದ ಅಭ್ಯಾಸ.

ಇತಿ,
ಯಾರ್ಡಿನ ಇನ್‌ಸ್ಪೆಕ್ಟರ್


ಜೂನ್ ೨೬

ಪ್ರೀತಿಯ ಮಾವ,

ನೀವು ಬರೆದಿರಿ! ಲಕೋಟೆ ಬಂದಾಗ ನಾನು ಮನೆಯಲ್ಲಿರಲಿಲ್ಲ. ಇವರೇ ತೆಗೆದುಕೊಂಡರು. ಅಕ್ಷರ ನೋಡಿ ಗುರುತು ಹಿಡಿದಿರಬೇಕು, ಏಕೆಂದರೆ ನಾನು ಬಂದಾಗ ಅದು ಊಟದ ಮೇಜಿನ ಮೇಲೆ, ನನ್ನ ತಟ್ಟೆಯ ಪಕ್ಕದಲ್ಲಿ, ಮೇಜಿನ ಅಂಚಿಗೆ ಸರಿಯಾಗಿ, ಅಳೆದು ಇಟ್ಟ ಹಾಗೆ ಇತ್ತು. ಇವರು ಅಡುಗೆಮನೆಯಲ್ಲಿ ಸ್ಟವ್ ಬಿಚ್ಚುತ್ತಿದ್ದರು. “ಅಪ್ಪಂಗೆ ಬರೆದಿದ್ಯಾ?” ಎಂದರು. “ಹೂಂ” ಎಂದೆ. “ಬರೀ. ನಿನ್ನ ಮಾವ” ಎಂದರು. ಅಷ್ಟೇ. ಬೈಯಲಿಲ್ಲ. ಸ್ಟವ್ ಈಗ ಹೊಸದರ ಹಾಗೆ ಉರಿಯುತ್ತದೆ.

ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಂದವರ ಹೆಸರು ಬರೆದುಕೊಂಡು ಒಳಗೆ ಕಳಿಸುವ ಕೆಲಸ ಮಾಡುತ್ತೇನೆ. ನಮ್ಮ ಕ್ಲಿನಿಕ್ಕಿನ ಮುಂದೆ ಚರಂಡಿ ಅಗೆಯುತ್ತಿದ್ದಾರೆ. ನಿಮ್ಮ ಪತ್ರ ಕೈಯಲ್ಲಿ ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಯಂತ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ನೋಡಿದೆ. ಆಪರೇಟರ್ ಮೇಲಿನಿಂದ ಕೂಗಿದ:

“ಏನಮ್ಮಾ, ಉಂಗುರ ಬಿತ್ತಾ?”

“ಇಲ್ಲ ಅಣ್ಣಾ, ನಿಮ್ಮ ಬುಷ್ ನೋಡ್ತಿದ್ದೀನಿ.”

“ನಂದಾ?” ಎಂದು ಅವನು ತನ್ನ ಸೀಟನ್ನೇ ತಿರುಗಿ ನೋಡಿಕೊಂಡ.

ಆಮೇಲೆ ಇಂಜಿನ್ ನಿಲ್ಲಿಸಿ ಇಳಿದು ಬಂದು, ತಾನೇ ಕೆಸರು ಕೆರೆದು ತೋರಿಸಿದ. ಬೆರಳು ಆಡಿಸಿ ನೋಡಿದೆ ಮಾವ, ನಿಜ! ಒಂದು ಮಗ್ಗುಲು ಸಮತಟ್ಟು, ನುಣುಪು, ಇನ್ನೊಂದು ಮಗ್ಗುಲು ಗುಂಡಗೆ. ನಮ್ಮ ಡಾಕ್ಟರು ಒಂದೇ ಕಡೆ ಅಗಿಯುವವರ ಹಲ್ಲು ತೋರಿಸಿ ಬೈಯುತ್ತಾರಲ್ಲ, ಥೇಟ್ ಹಾಗೆ. ನನಗೆ ಎಷ್ಟು ಖುಷಿಯಾಯಿತೆಂದರೆ ಆಪರೇಟರ್‌ಗೆ ಹೇಳಿಬಿಟ್ಟೆ: “ಇದನ್ನ ತಿರುಗಿಸಿ ಹಾಕ್ಬಹುದು ಅಣ್ಣಾ, ನಮ್ಮ ಮಾವ ಹೇಳಿದ್ದಾರೆ.” ಅವನು ಸೆಲ್ಯೂಟ್ ಹೊಡೆದ. ಅದು ನಿಮಗೆ ಸಲ್ಲಬೇಕಾದದ್ದು, ತಲುಪಿಸಿದ್ದೇನೆ.

ಈಗ ನನಗೆ ಪೂರ್ತಿ ಕಲಿಯಬೇಕು. ನೀವು ಅಳತೆ ಬರೆಯುವ ಪುಸ್ತಕದ ಒಂದು ಪುಟ ನಕಲು ಮಾಡಿ ಕಳಿಸುತ್ತೀರಾ?

ಇನ್ನೊಂದು ಮಾತು, ಕೇಳಲೋ ಬೇಡವೋ ಎಂದು ಒಂದು ಲೋಟ ಚಹಾ ಆರುವಷ್ಟು ಹೊತ್ತು ಯೋಚಿಸಿದೆ. ಅಂದು ಏನಾಯಿತು ಮಾವ? ನನ್ನ ಜೊತೆ ಇರುವ ಮನುಷ್ಯ ಅಂಗಡಿಯವನು ತಪ್ಪಾಗಿ ಒಂದು ಸ್ಕ್ರೂ ಹೆಚ್ಚಿಗೆ ಕೊಟ್ಟರೂ ವಾಪಸು ಕೊಡಲು ಬಸ್ಸು ಹತ್ತಿ ಹೋಗುತ್ತಾನೆ. ಆ ಮನುಷ್ಯನನ್ನು ನೀವು ಸುಳ್ಳ ಎಂದಿರಿ. ನೀವೂ ಸುಮ್ಮಸುಮ್ಮನೆ ಅಂಥ ಮಾತು ಆಡುವವರಲ್ಲ, ಒಂದೇ ಪತ್ರದಲ್ಲಿ ಅಷ್ಟು ಗೊತ್ತಾಯಿತು. ಇಬ್ಬರಲ್ಲಿ ಯಾರನ್ನೂ ಬಿಡಲು ನನ್ನಿಂದ ಆಗುತ್ತಿಲ್ಲ.

ನಿಮ್ಮ ಸೊಸೆ
(ಮನೆಯಲ್ಲಿ ಇವರನ್ನು ‘ನೀನು’ ಎನ್ನುತ್ತೇನೆ. ‘ಇವರು, ಅವರು’ ಎಲ್ಲ ನಿಮಗೆ ಬರೆಯುವಾಗ ಮಾತ್ರ. ಆಗಾಗ ಕೈ ಜಾರುತ್ತದೆ.)


ಜುಲೈ ೧೫

ಸೊಸೆಗೆ,

ನಾನೂ ನೀನು ಎಂದೇ ಬರೆಯುತ್ತೇನೆ.

ಯಂತ್ರ ಓಡುತ್ತಿರುವಾಗ ಹತ್ತಿರ ಹೋಗಬೇಡ. ಇಂಜಿನ್ ನಿಲ್ಲಿಸಿ, ಮಣ್ಣೆತ್ತುವ ಬಕೆಟ್ ನೆಲಕ್ಕೆ ಊರಿದ ಮೇಲೆ ಮಾತ್ರ ಹೋಗಬೇಕು. ಸೆರಗು ಸಿಕ್ಕಿಸಿದರೆ ಸಾಲದು.

ಕೇಳಿದ್ದೀಯ, ಹೇಳುತ್ತೇನೆ. ಎರಡು ವರ್ಷದ ಕೆಳಗೆ ಕಲ್ಲಿನ ಕ್ವಾರಿಯಿಂದ ಒಂದು ಬುಲ್ಡೋಜರ್ ಬಂತು. ಅಲ್ಲಿಯವರೆಗೆ ಯಾರ್ಡಿನಲ್ಲಿ ನನ್ನ ಜೊತೆ ಅವನು ಅಳೆದು ಕೂಗುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ. ಅಂದು ಮೊದಲ ಸಲ ಪುಸ್ತಕವನ್ನೇ ಅವನ ಕೈಗೆ ಕೊಟ್ಟು, “ಈ ಚೈನ್ ನಿಂದು, ಷರಾ ನೀನೇ ಬರಿ” ಎಂದೆ. ಒಂದು ಬದಿಯ ಚೈನ್, ಮೂವತ್ತೊಂಬತ್ತು ಬುಷ್. ಸಂಜೆ ಪುಸ್ತಕ ತೆರೆದರೆ ‘ಹಿಂ.’ ಎಂಬಲ್ಲಿ ಅರವತ್ತಾರು, ‘ಅಳತೆ’ ಎಂಬಲ್ಲಿ ಅರವತ್ತೆಂಟು. ಮೇಲಿನಿಂದ ಕೆಳಗಿನವರೆಗೂ ಹೀಗೇ. ಆರು ತಿಂಗಳ ಕೆಳಗೆ ಅರವತ್ತಾರು ಮಿಲಿಮೀಟರ್ ಇದ್ದ ಉಕ್ಕು ಈಗ ಅರವತ್ತೆಂಟು ಆಗಿದೆ ಎಂದು ಬರೆದಿದ್ದಾನೆ. ಉಕ್ಕು ಸವೆಯುವುದನ್ನು ನೋಡಿದ್ದೇನೆ, ಬೆಳೆಯುವುದನ್ನು ನೋಡಿಲ್ಲ.

ಎಲ್ಲರೂ ಕೈ ತೊಳೆಯುತ್ತಿದ್ದರು. ಅಲ್ಲೇ ಕೇಳಿದೆ.

“ಇದೇನೋ ಇದು?”

“ಹಿಂದಿನದು ಅಪ್ಪಾ.”

“ಹಿಂದಿನದು ಅಂತ ನನಗೂ ಗೊತ್ತು. ಹಿಂದಿನದು ಇಷ್ಟು ಕಡಿಮೆ ಹೇಗಾಯ್ತು?”

“ಇದರಲ್ಲಿ ಹಿಂದಿನದೇ ಜಾಸ್ತಿ ಸವೆದಿರೋದು.”

“ಹಿಂದೆ ಸವೆದದ್ದು ಈಗ ತುಂಬ್ಕೊಂಡ್ತಾ? ನೋಡ್ರೋ, ಇವನು ಅಳೆದ ಬುಷ್ ಬೆಳೆಯುತ್ತೆ!”

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಮ್ಮ ಹಿರಿಯ ಫಿಟ್ಟರ್, ನಟ್ಟಣ್ಣ ಎನ್ನುತ್ತೇವೆ. ಅಳೆಯದೆ ಕೂತಲ್ಲೇ ಅಂಕಿ ತುಂಬಿಸಿದ್ದೀಯ, ಸುಳ್ಳ, ಎಂದೆ. ಅವನು ವರ್ನಿಯರನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು ಹೋದ. ಮರುದಿನ ಬರಲಿಲ್ಲ.

ಅಳತೆ ಸುಳ್ಳಾದರೆ ಇಳಿಜಾರಿನಲ್ಲಿ ಚೈನ್ ಕಳಚುತ್ತದೆ. ಮೇಲೆ ಒಬ್ಬ ಮನುಷ್ಯ ಕೂತಿರುತ್ತಾನೆ. ಈ ಕೆಲಸದಲ್ಲಿ ತಪ್ಪು ಮಾಡಿದವನನ್ನು ಕ್ಷಮಿಸುತ್ತೇನೆ. ಅಳೆಯದೆ ಬರೆದವನನ್ನು ಅಲ್ಲ, ಮಗನಾದರೂ ಅಷ್ಟೇ. ಆ ಚೈನನ್ನು ಯಾರೂ ಮುಟ್ಟಕೂಡದು ಎಂದು ಬೇಲಿಯ ಬಳಿ ಹಾಕಿಸಿದೆ. ಯಂತ್ರಕ್ಕೆ ಹೊಸದು ಕೂರಿಸಿ ಕಳಿಸಿದೆವು.

ನನ್ನದೊಂದು ಪುಟದ ನಕಲು ಇಟ್ಟಿದ್ದೇನೆ. ಬೇರೆ ಯಂತ್ರದ್ದು. ‘ಹೊಸದು’ ಎಂದರೆ ಹೊಸ ಬುಷ್‌ನ ದಪ್ಪ. ಯಂತ್ರ ಮುಂದೆ ಹೋಗುವಾಗ ಹಲ್ಲು ಒತ್ತುವ ಮಗ್ಗುಲಲ್ಲಿ ಮೂರು ಕಡೆ ಅಳೆದು ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ‘ಅಳತೆ’ಯಲ್ಲಿ ಬರೆಯಬೇಕು. ‘ಷರಾ’ದಲ್ಲಿ ಮೂರೇ ಮಾತು: ಹಾಗೇ ಬಿಡಿ, ತಿರುಗಿಸಿ, ತೆಗೆಯಿರಿ.

ಇತಿ,
ಮಾವ


ಜುಲೈ ೨೪

ಪ್ರೀತಿಯ ಮಾವ,

‘ಮಾವ’ ಎಂದು ಸಹಿ ಮಾಡಿದ್ದೀರಿ! ನೋಡಿದೆ, ನೋಡಿದೆ, ಮತ್ತೂ ನೋಡಿದೆ. ಆದರೆ ಇಂದು ಕುಣಿಯಲು ಸಮಯವಿಲ್ಲ, ಒಂದು ವಿಷಯ ಹೇಳಬೇಕು.

ಭಾನುವಾರ ಮಧ್ಯಾಹ್ನ ನಿಮ್ಮ ಪುಟವನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆ. ಹೊಸದು ಎಪ್ಪತ್ತೊಂದು, ಹಿಂ. ಅರವತ್ತೊಂಬತ್ತೂವರೆ, ಅಳತೆ ಅರವತ್ತೆಂಟೂವರೆ, ಷರಾ ತಿರುಗಿಸಿ. ಇವರು ಕಿಟಕಿಯ ಕೊಂಡಿ ಸರಿಮಾಡುತ್ತಿದ್ದರು. ಕಿಟಕಿಯೂ ಚೆನ್ನಾಗಿಯೇ ಇತ್ತು, ಪಾಪ. ನಾನು ಶಾಲೆಯ ಪಾಠದ ಹಾಗೆ ಗಟ್ಟಿಯಾಗಿ ಓದುತ್ತಿದ್ದೆ. ಹಿಂ. ಎಂದರೇನು ಎಂದು ನೀವು ಬರೆದಿರಲಿಲ್ಲವಲ್ಲ, ಅದಕ್ಕೆ ಕೇಳಿದೆ. ನಮ್ಮ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ.

“ಹಿಂ. ಅಂದ್ರೆ ಏನು?”

“ಹಿಂದಿನದು.”

“ಅಂದ್ರೆ ಆರು ತಿಂಗಳ ಹಿಂದಿನದಾ?”

“ಆರು ತಿಂಗಳು ಎಲ್ಲಿಂದ ಬಂತು? ಹಿಂದಿನ ಮಗ್ಗುಲು. ಯಂತ್ರ ಮುಂದೆ ಹೋಗುವಾಗ ಹಲ್ಲು ಬುಷ್‌ನ ಒಂದು ಮಗ್ಗುಲನ್ನ ಒತ್ತುತ್ತೆ. ರಿವರ್ಸ್ ಹೋಗುವಾಗ ಇನ್ನೊಂದು ಮಗ್ಗುಲನ್ನ. ಅದು ಹಿಂದಿನದು. ಸಾಮಾನ್ಯವಾಗಿ ಅದು ಸವೆಯೋದು ಕಡಿಮೆ. ಅದಕ್ಕೇ ನೋಡು, ಅಪ್ಪನ ಪುಟದಲ್ಲಿ ಹಿಂ. ಯಾವಾಗಲೂ ಜಾಸ್ತಿ ಇರುತ್ತೆ.”

ನಾನು ನಿಮ್ಮ ಪತ್ರ ತೆಗೆದೆ. ಮಾವ, ಕೇಳದೆ ಓದಿ ಹೇಳಿದ್ದಕ್ಕೆ ಕ್ಷಮಿಸಿ. ‘ಆರು ತಿಂಗಳ ಕೆಳಗೆ ಅರವತ್ತಾರು ಇದ್ದ ಉಕ್ಕು’ ಎಂಬ ಸಾಲನ್ನು ಓದಿದೆ. ಇವರು ಸ್ಕ್ರೂಡ್ರೈವರ್ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು.

“ಇನ್ನೊಂದ್ಸಲ ಓದು.”

ಓದಿದೆ.

“ಅದು ಆರು ತಿಂಗಳ ಕೆಳಗಿನದಲ್ಲ. ಅವತ್ತು ಬೆಳಿಗ್ಗೆ ನಾನೇ ಅಳೆದದ್ದು. ಹಿಂದಿನ ಮಗ್ಗುಲು ಅರವತ್ತಾರು, ಮುಂದಿನ ಮಗ್ಗುಲು ಅರವತ್ತೆಂಟು. ಆ ಯಂತ್ರ ದಿನವಿಡೀ ಕಲ್ಲು ತಳ್ಳಿಕೊಂಡು ಇಳಿಜಾರು ಇಳಿದು, ರಿವರ್ಸಲ್ಲೇ ಹತ್ತುತ್ತಿತ್ತು. ಹತ್ತುವಾಗ ಭಾರವೆಲ್ಲ ಹಿಂದಿನದಕ್ಕೆ. ಅದೇ ಜಾಸ್ತಿ ಸವೆದಿತ್ತು. ಎರಡೂ ಮಗ್ಗುಲು ಸವೆದ ಮೇಲೆ ತಿರುಗಿಸಿ ಏನು ಪ್ರಯೋಜನ? ಅದಕ್ಕೇ ಷರಾದಲ್ಲಿ ‘ತೆಗೆಯಿರಿ’ ಅಂತ ಬರೆದೆ. ನಾನೊಬ್ಬನೇ ಕಂಡುಹಿಡಿದದ್ದು. ಅಪ್ಪನಿಗೆ ತೋರಿಸ್ಬೇಕು ಅಂತ ಸಂಜೆವರೆಗೂ ಕಾಯ್ತಿದ್ದೆ.”

ಆಮೇಲೆ ತುಂಬ ಹೊತ್ತು ಕಿಟಕಿಯನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು. ಕೊನೆಗೆ ಹೇಳಿದ ಮಾತು ಇದು: “ಬುಷ್ ಬೆಳೆಯುತ್ತೆ ಅಂತ ಅವರೆಲ್ಲ ಯಾಕೆ ನಕ್ಕರು ಅಂತ ಇವತ್ತಿನವರೆಗೂ ನನಗೆ ಗೊತ್ತಿರಲಿಲ್ಲ.”

ಮಾವ, ನಿಮ್ಮ ಪುಸ್ತಕದಲ್ಲಿ ‘ಹಿಂ.’ ಎಂದರೆ ಹಿಂದಿನ ಸಲದ ಅಳತೆಯೋ, ಹಿಂದಿನ ಮಗ್ಗುಲಿನ ಅಳತೆಯೋ? ನನ್ನ ಶಾಲೆಯಲ್ಲಿ ಕಲಿಸಿದ ಭಾಷೆಯಲ್ಲಿ ಇವೆರಡಕ್ಕೂ ಬೇರೆ ಬೇರೆ ಪದಗಳಿವೆ. ಹಾಗಾಗಿ ‘ಹಿಂದೆ’ ಎಂದಾಗಲೆಲ್ಲ ಯಾವ ಹಿಂದೆ ಎಂದು ನಾನು ಒಂದು ಕ್ಷಣ ತಡವರಿಸುತ್ತೇನೆ. ನೀವಿಬ್ಬರೂ ಹುಟ್ಟಿನಿಂದ ಚೆನ್ನಾಗಿ ಕನ್ನಡ ಬಲ್ಲವರು, ತಡವರಿಸುವುದಿಲ್ಲ. ಅಂದು ಇಬ್ಬರೂ ಒಂದೇ ಪದ ಹಿಡಿದುಕೊಂಡು ಜಗಳವಾಡಿದಿರಾ?

ಬೇಗ ಬರೆಯಿರಿ. ಇವರು ಏನೂ ಕೇಳುವುದಿಲ್ಲ, ಆದರೆ ಅಂಚೆಯವನು ಬರುವ ಹೊತ್ತಿಗೆ ಮೆಟ್ಟಿಲ ಕಟಕಟೆಗೆ ಎಣ್ಣೆ ಬಿಡುತ್ತ ನಿಂತಿರುತ್ತಾರೆ. ಕಟಕಟೆ ಮರದ್ದು.

ನಿಮ್ಮ ಸೊಸೆ


ಆಗಸ್ಟ್ ೩೦

ಮಾವ,

ಐದು ವಾರವಾಯಿತು. ನಿಮ್ಮಿಂದ ಒಂದು ಗೆರೆಯೂ ಇಲ್ಲ.

ನಾನು ತಲೆಹರಟೆ ಮಾಡಿದೆನೇ? ಮೂವತ್ತೊಂದು ವರ್ಷದ ಅನುಭವದ ಮುಂದೆ ಹಲ್ಲಿನ ಕ್ಲಿನಿಕ್ಕಿನ ಹುಡುಗಿಯೊಬ್ಬಳು ಕೂತು ಇದು ಸರಿ, ಅದು ತಪ್ಪು ಎಂದರೆ ಯಾರಿಗಾದರೂ ಕೋಪ ಬರುತ್ತದೆ. ಬೈಯಿರಿ. ಬೈದಾದರೂ ಬರೆಯಿರಿ. ಇವರು ಮೆಟ್ಟಿಲ ಹತ್ತಿರ ನಿಲ್ಲುವುದನ್ನು ಬಿಟ್ಟಿದ್ದಾರೆ. “ಅಪ್ಪ ನಂಬಲ್ಲ ಬಿಡು, ನನ್ನ ಮಾತಿಗೆ ಸಾಕ್ಷಿ ಏನಿದೆ?” ಎಂದರು. ಕೋಪದಿಂದಲ್ಲ, ತೀರ ಸುಮ್ಮನೆ. ಅದರಿಂದ ನನಗೆ ಹೆಚ್ಚು ಭಯವಾಯಿತು.

ಆರೋಗ್ಯವಾಗಿದ್ದೀರಿ ಎಂದಷ್ಟಾದರೂ ತಿಳಿಸಿ.

ನಿಮ್ಮ ಸೊಸೆ


ಸೆಪ್ಟೆಂಬರ್ ೧೨

ಮಗಳೇ,

ಆರೋಗ್ಯವಾಗಿದ್ದೇನೆ. ಬೆನ್ನು ಮಾತ್ರ ಹಿಡಿದುಕೊಂಡಿದೆ, ಅದರ ಕಾರಣ ಮುಂದೆ ಬರುತ್ತದೆ.

ನಿನ್ನ ಜುಲೈ ಪತ್ರ ಮೂರು ವಾರ ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಓದಿದ ದಿನ ಕೋಪ ಬಂತು. ಹೆಂಡತಿಯ ಮುಂದೆ ಚೆನ್ನಾಗಿ ಕಾಣಲು ಕಥೆ ಕಟ್ಟಿದ್ದಾನೆ ಎಂದುಕೊಂಡೆ. ದಿನಾ ಡ್ರಾಯರ್ ತೆಗೆದು ಪೆನ್ಸಿಲ್ ಎತ್ತಿಕೊಳ್ಳುವಾಗ ಪತ್ರ ಕಾಣುತ್ತಿತ್ತು. ಪೆನ್ಸಿಲ್ಲನ್ನು ಬೇರೆ ಕಡೆ ಇಡಲು ಶುರುಮಾಡಿದೆ. ಒಂದು ದಿನ ನಟ್ಟಣ್ಣ ಕೇಳಿದ, “ಸಾರ್, ಪೆನ್ಸಿಲ್ ಯಾಕೆ ಚಹಾ ಡಬ್ಬಿಯಲ್ಲಿದೆ?”

ನನ್ನ ಪುಸ್ತಕದಲ್ಲಿ ‘ಹಿಂ.’ ಎಂದರೆ ಹಿಂದಿನ ಸಲದ ಅಳತೆ. ಅದನ್ನು ನಾನು ಆಫೀಸಿನಲ್ಲಿ ಕೂತು ಹಳೆಯ ಪುಸ್ತಕ ನೋಡಿ ತುಂಬುತ್ತಿದ್ದೆ. ಅವನು ಹೊರಗೆ ಅಳೆಯುತ್ತಿದ್ದ. ಆ ಕಾಲಂ ನಾನು ತುಂಬುವುದನ್ನು ಅವನು ನೋಡಿದ್ದೇ ಇಲ್ಲ. ಹೇಳಿಕೊಟ್ಟೆನೇ ಎಂದು ನೆನಪಿಸಿಕೊಂಡೆ. ಇಲ್ಲ. ಗೊತ್ತಿರುತ್ತದೆ ಎಂದುಕೊಂಡಿದ್ದೆ.

ಆದರೂ ನಂಬಲಿಲ್ಲ. ಮಾತು ಹೇಗೆ ಬೇಕಾದರೂ ತಿರುಗುತ್ತದೆ, ಉಕ್ಕು ತಿರುಗುವುದಿಲ್ಲ. ಚೈನ್ ಬೇಲಿಯ ಬಳಿಯೇ ಬಿದ್ದಿತ್ತು. ಹುಲ್ಲು ಬೆಳೆದು ಮುಚ್ಚಿತ್ತು. ಕ್ರೇನ್ ಬಿಡುವಾಗುವವರೆಗೆ ಕಾದು ಶೆಡ್ಡಿಗೆ ತರಿಸಿದೆ. ತಂತಿ ಬ್ರಷ್ ತೆಗೆದುಕೊಂಡು ತುಕ್ಕು ಉಜ್ಜಲು ಕೂತೆ. ನಟ್ಟಣ್ಣ ಸಹಾಯಕ್ಕೆ ಬಂದ, ಬೇಡವೆಂದೆ. ಮೂವತ್ತೊಂಬತ್ತನ್ನೂ ನಾನೇ ಉಜ್ಜಿದೆ. ನಾಲ್ಕು ದಿನ ಹಿಡಿಯಿತು. ಆಮೇಲೆ ಅವನ ಪುಟವನ್ನು ಮುಚ್ಚಿಟ್ಟು, ಬೇರೆ ಹಾಳೆಯಲ್ಲಿ ನನ್ನ ಅಳತೆ ಬರೆದೆ. ಮುಂದಿನ ಮಗ್ಗುಲು, ಹಿಂದಿನ ಮಗ್ಗುಲು, ಎರಡೂ. ಎಲ್ಲ ಮುಗಿದ ಮೇಲೆ ಎರಡು ಹಾಳೆಗಳನ್ನೂ ಪಕ್ಕಪಕ್ಕ ಇಟ್ಟೆ.

ಮೂವತ್ತೊಂಬತ್ತಕ್ಕೆ ಮೂವತ್ತೊಂಬತ್ತೂ ಸರಿ. ಎಲ್ಲಿಯೂ ಒಂದು ಮಿಲಿಮೀಟರಿನ ಕಾಲು ಭಾಗ ಕೂಡ ವ್ಯತ್ಯಾಸವಿಲ್ಲ. ಷರಾ ಕೂಡ ಸರಿ. ನಾನು ಆ ಚೈನನ್ನು ನೋಡಿದ್ದರೆ ಮುಂದಿನ ಮಗ್ಗುಲಿನ ಸವೆತ ನೋಡಿ, ಅಭ್ಯಾಸಬಲದಿಂದ ‘ತಿರುಗಿಸಿ’ ಎಂದು ಬರೆಯುತ್ತಿದ್ದೆನೋ ಏನೋ. ಅವನು ಯಂತ್ರ ಎಲ್ಲಿ ದುಡಿದಿದೆ ಎಂದು ಕೇಳಿ, ಸುತ್ತಲೂ ನೋಡಿ ಬರೆದಿದ್ದಾನೆ.

ಅಳೆಯದೆ ಬರೆದವನನ್ನು ಕ್ಷಮಿಸುವುದಿಲ್ಲ ಎಂದು ನಿನಗೆ ಬರೆದಿದ್ದೆ. ಅಂದು ಅವನು ಅಳೆದಿದ್ದ. ಅಳೆಯದೆ ಹೇಳಿದವನು ನಾನು. ವರ್ನಿಯರ್ ಅಲ್ಲೇ ಇತ್ತು, ಚೈನ್ ಅಲ್ಲೇ ಇತ್ತು, ಹಳೆಯ ಪುಸ್ತಕ ಕಪಾಟಿನಲ್ಲಿತ್ತು. ಒಂದು ಬುಷ್ ಸಾಕಿತ್ತು. ಮಗನನ್ನು ಸುಳ್ಳ ಎನ್ನುವುದಕ್ಕೆ ನಾನು ಒಂದು ಬುಷ್ ಕೂಡ ಮುಟ್ಟಿ ನೋಡಲಿಲ್ಲ.

ಎಲ್ಲರ ಮುಂದೆ ಆಡಿದ ಮಾತನ್ನು ಎಲ್ಲರ ಮುಂದೆಯೇ ವಾಪಸು ತೆಗೆದುಕೊಳ್ಳಬೇಕು. ಸೋಮವಾರ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಎಲ್ಲರನ್ನೂ ಚೈನಿನ ಸುತ್ತ ನಿಲ್ಲಿಸಿ, ಅವನ ಪುಟವನ್ನು ಓದಿದೆ. ಒಂದೊಂದು ಅಂಕಿ ಓದಿದಾಗಲೂ ನಟ್ಟಣ್ಣನೇ ಅಳೆದು ಕೂಗಿದ. ಹತ್ತನೆಯದಕ್ಕೆ ಅವನು ವರ್ನಿಯರ್ ಕೆಳಗಿಟ್ಟು, “ಸಾರ್, ಸಾಕು. ಅವತ್ತು ನಕ್ಕಿದ್ದು ನಾನೂ” ಎಂದ. ಸಾಕಾಗಲಿಲ್ಲ, ಮೂವತ್ತೊಂಬತ್ತೂ ಕೂಗಿಸಿದೆ. ಮಗನ ಪುಟದ ಕೆಳಗೆ ‘ಪರಿಶೀಲಿಸಿದೆ, ಸರಿ’ ಎಂದು ಬರೆದು ಸಹಿ ಮಾಡಿ, ಆ ಸೋಮವಾರದ ದಿನಾಂಕವನ್ನೇ ಹಾಕಿದೆ. ಎರಡು ವರ್ಷ ತಡ ಎಂಬುದು ಪುಸ್ತಕದಲ್ಲಿ ಕಾಣಬೇಕು.

ಪುಸ್ತಕದಲ್ಲಿ ಈಗ ‘ಹಿಂ.’ ಇಲ್ಲ. ‘ಹಳೆಯ ಅಳತೆ’ ಎಂದು ಪೂರ್ತಿ ಬರೆಯುತ್ತೇನೆ. ‘ರಿವರ್ಸ್ ಮಗ್ಗುಲು’ ಎಂದು ಹೊಸದೊಂದು ಕಾಲಂ ಹಾಕಿದ್ದೇನೆ. ಜಾಗ ಸಾಲುವುದಿಲ್ಲ, ಅಕ್ಷರ ಚಿಕ್ಕದು ಮಾಡಿದ್ದೇನೆ.

ಅವನಿಗೆ ನೇರವಾಗಿ ಬರೆಯಲು ಎರಡು ಸಲ ಕೂತೆ. ಅಳತೆ ಬರೆದು ಅಭ್ಯಾಸ, ಇದು ಬರೆದು ಅಭ್ಯಾಸವಿಲ್ಲ. ನೀನೇ ಓದಿ ಹೇಳು. ಬಾ ಎಂದು ಕರೆಯುವ ಹಕ್ಕು ನನಗಿಲ್ಲ. ಯಾರ್ಡಿನ ಹಿಂಬದಿಯ ಎರಡು ಕೋಣೆಗೆ ಸುಣ್ಣ ಹೊಡೆಸಿದ್ದೇನೆ, ಅಷ್ಟು ತಿಳಿದಿರಲಿ.

ಮಾವ


ಸೆಪ್ಟೆಂಬರ್ ೨೨

ಮಾವಾ, ಮಾವಾ, ಮಾವಾ,

ಓದಿ ಹೇಳಲಿಲ್ಲ. ಪತ್ರವನ್ನೇ ಇವರ ಕೈಗೆ ಕೊಟ್ಟು ನಾನು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಎಷ್ಟು ಹೊತ್ತು ಅಳಬೇಕು ಎಂದು ಗೊತ್ತಾಗದೆ ಬಕೆಟ್ ತುಂಬುವವರೆಗೆ ಅತ್ತೆ. ಹೊರಗೆ ಬಂದರೆ ಇವರು ನಿಂತುಕೊಂಡೇ ಎರಡನೇ ಸಲ ಓದುತ್ತಿದ್ದರು. ಮನೆಯಲ್ಲಿ ರಿಪೇರಿಗೆ ಏನೂ ಉಳಿದಿರಲಿಲ್ಲ ನೋಡಿ, ಸುಮ್ಮನೆ ನಿಲ್ಲಲೇಬೇಕಾಯಿತು.

“ಅಪ್ಪ ತಾನೇ ಉಜ್ಜಿದ್ರಂತೆ, ಮೂವತ್ತೊಂಬತ್ತನ್ನೂ” ಎಂದರು.

“ಹೂಂ.”

“ಆ ಬೆನ್ನು ಇಟ್ಕೊಂಡು?”

“ಹೂಂ.”

“ತುಕ್ಕು ಉಜ್ಜಿದ ಮೇಲೆ ಅಳೆದ್ರೆ ಒಂದು ಕೂದಲೆಳೆಯಷ್ಟು ಕಡಿಮೆ ಬರುತ್ತೆ. ನನ್ನ ಅಂಕಿಯೇ ಹೆಚ್ಚು ಸರಿ. ಅಪ್ಪನಿಗೆ ಹೇಳು.”

“ನೀನೇ ಹೇಳೋ ಮಹಾರಾಯ!”

ಕೂತರು. ಹೊಸ ಹಾಳೆ, ಹೊಸ ಪೆನ್ನು. ನಾನು ಅಡುಗೆ ಮುಗಿಸಿ, ಪಾತ್ರೆ ತೊಳೆದು, ಒಣಗಿದ ಬಟ್ಟೆ ಮಡಚಿ ಬಂದರೂ ಹಾಳೆಯ ಮೇಲೆ ‘ಅಪ್ಪಾ’ ಎಂಬ ಒಂದೇ ಪದವಿತ್ತು. ಅದರ ಮುಂದೆ ಒಂದು ಅಲ್ಪವಿರಾಮ. ಆ ಹಾಳೆಯನ್ನು ಹಾಗೇ ಇದರ ಜೊತೆ ಇಟ್ಟಿದ್ದೇನೆ. ಅಕ್ಷರದ ಕೆಳಗೆ ಒದ್ದೆಯಾಗಿ ಉಬ್ಬಿದ ಗುರುತು ಕಂಡರೆ ಅದು ನನ್ನದಲ್ಲ, ನಾನು ಆ ಹೊತ್ತಿಗೆ ಅಡುಗೆಮನೆಯಲ್ಲಿದ್ದೆ.

ಉಳಿದದ್ದನ್ನು ಬಂದು ಹೇಳುತ್ತಾರಂತೆ. ಎಷ್ಟು ದಿನ ರಜೆ ಕೇಳಲಿ ಎಂದು ನನ್ನನ್ನೇ ಕೇಳಿದರು. ನಾನು ಹದಿನೈದು ಎಂದೆ, ಲಿಫ್ಟ್ ಕಂಪನಿಯವರು ಆರು ಕೊಟ್ಟರು. ನಮ್ಮ ಡಾಕ್ಟರು ನನಗೆ ಏನೂ ಕೇಳದೆ ಒಂದು ವಾರ ಕೊಟ್ಟರು. ಕ್ಲಿನಿಕ್ಕಿಗೆ ಬಂದವರಿಗೆಲ್ಲ ಬುಷ್ ವಿಷಯ ಹೇಳಿ ತಲೆ ತಿನ್ನುತ್ತಿದ್ದೆನಂತೆ, ಒಂದು ವಾರ ಅವರಿಗೂ ನೆಮ್ಮದಿ.

ಸ್ಟೇಷನ್ನಿಗೆ ಬರಬೇಡಿ, ನಿಮ್ಮ ಬೆನ್ನು. ಹೀಗೆ ಬರೆದರೂ ನೀವು ಬರುತ್ತೀರಿ ಎಂದು ಇವರು ಹೇಳುತ್ತಾರೆ, ಅದಕ್ಕೆ ಸರಿಯಾಗಿ ತಿಳಿಸಿಬಿಡುತ್ತೇನೆ. ಅಕ್ಟೋಬರ್ ನಾಲ್ಕು, ಶನಿವಾರ, ಬೆಳಿಗ್ಗೆ ಆರು ನಲವತ್ತಕ್ಕೆ ಬಂದು ನಿಲ್ಲುವ ಪ್ಯಾಸೆಂಜರ್ ರೈಲು. ಇಂಜಿನ್ನಿನಿಂದ ನಾಲ್ಕನೇ ಡಬ್ಬಿ. ಇಬ್ಬರೂ.

ನಿಮ್ಮ ಸೊಸೆ